ಈ ಪೈಪು ಮಾಡಿದಾಂವ ಯಾಂವ?

ಕರಗಿದ್ದು ಗೇಣುದ್ದದ ಒಂದು ವೈರು, ಅಷ್ಟೇ. ಆದರೆ ಅದು ಕರಗಿದ್ದು ಪಂಚಶೀಲಾ ಮೇಡಂ ಅವರ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ. ಆ ಕಾರು ಬಂದು ನಿಂತದ್ದು ಶಹಾಪುರದ ಬಾಷುಮಿಯಾನ ತಗಡಿನ ಅಂಗಡಿಯ ಮುಂದೆ. ಬಾಷುಮಿಯಾನಿಗೆ ಆಗಲೇ ಸಿಟ್ಟು ಬಂದಿತ್ತು.

ಅವನಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ. ಮೂವತ್ತೈದು ವರ್ಷ ಅದೇ ಕಟ್ಟೆಯ ಮೇಲೆ ಕೂತು ಜೋಳದ ಡಬ್ಬಿ, ಎಣ್ಣೆಯ ಲಾಳಿಕೆ, ಕೂಲರಿನ ಮೈ ಬಡಿದೂ ಬಡಿದೂ ಮಾತು ಕೂಡ ಸುತ್ತಿಗೆಯ ಏಟಿನಂತೆ ಆಗಿಬಿಟ್ಟಿತ್ತು. ಮೇ ತಿಂಗಳ ಬಿಸಿಲಿಗೆ ಊರ ಬದಿಯ, ಬುದ್ಧ ಮಲಗಿದಂತೆ ಕಾಣುವ ಗುಡ್ಡವೂ ಬೆವರುತ್ತದೆ ಅನ್ನುವಂಥ ದಿನ ಅದು. ಮೇಲಾಗಿ ಬೆಳಿಗ್ಗೆ ಯಾರೋ ಬಂದು, ಎರಡು ವರ್ಷದ ಹಿಂದೆ ಒಯ್ದ ಬಕೆಟ್ಟು ಸೋರುತ್ತದೆಂದು ಜಗಳ ತೆಗೆದು ಹೋಗಿದ್ದರು.

ಪಂಚಶೀಲಾ ಸುರಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು. ರಜೆ ಬಂದರೆ ಕಾರು ಓಡಿಸುವ ಪಂದ್ಯಕ್ಕೆ ಹೋಗುವವರು. ಇಂಜಿನ್ನಿನ ಹೊಗೆ ಬೇಗ ಹೊರಬಿದ್ದರೆ ಕಾರು ಇನ್ನೂ ಜೋರಾಗಿ ಓಡುತ್ತದೆಂದು, ಕಂಪನಿಯ ಪೈಪು ಬಿಚ್ಚಿಸಿ ಹೈದರಾಬಾದಿನಲ್ಲಿ ಹೊಸ ಪೈಪು ಮಾಡಿಸಿ ಹಾಕಿಸಿದ್ದರು. ನಾಲ್ಕು ಪೈಪು ಬಳುಕಿಕೊಂಡು ಬಂದು ಒಂದಾಗುವ ಅದಕ್ಕೆ ಹೆಡರ್ ಅಂತ ಹೆಸರು. ಕಾರೇನೋ ಜೋರಾಯಿತು. ಆದರೆ ಪೈಪು ಒಲೆಯಂತೆ ಕಾದು ಪಕ್ಕದ ವೈರನ್ನು ತಿಂದುಹಾಕಿತು. ಸುರಪುರದಲ್ಲೇ ಹೊಸ ವೈರು ಹಾಕಿಸಿದ್ದಾಯಿತು, ಇನ್ನು ಅದೂ ಕರಗಬಾರದಲ್ಲ. ನಾಳೆ ಬೆಳಿಗ್ಗೆ ಹೈದರಾಬಾದಿನಲ್ಲಿ ಪಂದ್ಯ. ಇವತ್ತು ನಾಲ್ಕು ಗಂಟೆಗೆ ಶಹಾಪುರ ಬಿಡಲೇಬೇಕು. ಅಷ್ಟರೊಳಗೆ ಪೈಪಿಗೂ ವೈರಿಗೂ ನಡುವೆ ಶಾಖ ತಡೆಯುವ ತಗಡಿನ ಮರೆ ಬೇಕು.

"ಬಾಷುಮಿಯಾ ಅಂದ್ರ ನೀವೇ ಅಲ್ರಿ ಚಾಚಾ? ಹೈದರಾಬಾದಿನಿಂದ ನಿಮ್ಮ ಹೆಸರು ಹೇಳಿ ಕಳಿಸ್ಯಾರ್ರಿ. ಈ ಪೈಪಿಗಿ ಒಂದು ತಗಡಿನ ಮರಿ ಮಾಡಬೇಕಂತ. ಅಳತಿನೂ ಹೇಳ್ಯಾರ..."

"ಅಳತಿ ನನಗ ಯಾರೂ ಹೇಳೂದು ಬ್ಯಾಡ. ಅಳತಿ ನನ್ನ ಕಣ್ಣಾಗ ಅದ. ಮೊದಲ ಬಾನೆಟ್ ತೆಗೀರಿ," ಅಂದ ಬಾಷುಮಿಯಾ.

ಬಾನೆಟ್ ಎದ್ದಿತು. ಸುರಪುರದಿಂದ ಓಡಿ ಬಂದ ಇಂಜಿನ್ನು ಇನ್ನೂ ಟಿಕ್ ಟಿಕ್ ಅನ್ನುತ್ತಿತ್ತು. ಬಾಷುಮಿಯಾ ಬಗ್ಗಿ ಕೈ ತೂರಿಸಿದ. ಮರುಗಳಿಗೆ ಚುರ್ ಎಂದು ಸದ್ದಾಗಿ ಮುಂಗೈ ಮೇಲಿನ ಕೂದಲು ಸುಟ್ಟ ವಾಸನೆ ಎದ್ದಿತು.

"ಯಾ ಅಲ್ಲಾ! ಯಾಂವ ಮಾಡ್ಯಾನ ಇದನ್ನ?"

"ಭಾಳ ಚಲೋ ಕೆಲಸಗಾರ್ರು ಅದಾರ್ರಿ ಚಾಚಾ. ಅವರು ನಿಮ್ಮ..."

"ಚಲೋ ಕೆಲಸಗಾರ? ವೈರಿನ ಮೈಮ್ಯಾಲ ಹಾವು ಬಿಟ್ಟಂಗ ಪೈಪ್ ಬಿಟ್ಟಾನ! ಈ ಕಡಿ ಸ್ಟೇರಿಂಗ್ ರಾಡು, ಆ ಕಡಿ ವೈರು, ನಡುವ ಬೆರಳು ತೂರಿಸಾಕ ಜಾಗ ಇಲ್ಲ. ಕಣ್ಣು ಮನ್ಯಾಗ ಇಟ್ಟು ಬಂದು ಬೆಸದಾನ ಮಗ!"

ಬೈಗುಳ ಕೇಳಿ ಪಕ್ಕದ ಚಹಾದ ಹೋಟೆಲಿನಿಂದ ಮಲ್ಕಪ್ಪ ಹೊರಬಂದ. ಬಾಷುಮಿಯಾ ಬೈಯುವುದೆಂದರೆ ಅವನಿಗೆ ಪುಕ್ಕಟೆ ರೇಡಿಯೋ. ಅವನ ಹಿಂದೆಯೇ ಅರ್ಧ ಚಹಾ ಹಿಡಿದು ವಿಶ್ವರಾಧ್ಯ ಮಾಸ್ತರರು ಬಂದರು. ಮೂವತ್ತು ವರ್ಷ ಸಾಲಿಯಲ್ಲಿ ಚಿತ್ರಕಲೆ ಕಲಿಸಿ ಹತ್ತು ವರ್ಷದ ಹಿಂದೆ ನಿವೃತ್ತರಾದವರು. ಈಗ ಕಲಿಸಲು ಮಕ್ಕಳಿಲ್ಲದೆ ಇಡೀ ಬಜಾರಕ್ಕೇ ಕಲಿಸುತ್ತಿದ್ದರು.

"ಡಬ್ಬಿ ಬಡಿಯಾಂವಗ ಕಾರ್ ತಂದು ಕೊಟ್ಟೀರಲ್ರೀ ಮೇಡಂ," ಅಂದ ಮಲ್ಕಪ್ಪ. "ಸಂಜಿಮುಂದ ಇದಕ್ಕೂ ಒಂದು ಮುಚ್ಚಳ ಹಚ್ಚಿ ಕೊಡ್ತಾನ ನೋಡ್ರಿ, ಜೋಳ ತುಂಬಾಕ."

ಆ ಮಾತು ಬಾಷುಮಿಯಾನಿಗೆ ಪೈಪಿಗಿಂತ ಹೆಚ್ಚು ಸುಟ್ಟಿತು. "ಏ ಮಲ್ಕ್ಯಾ, ನಾಕ ಗಂಟೆ ಒಳಗ ಮಾಡಿ ಕೊಡಲಿಲ್ಲಂದ್ರ ಈ ಸುತ್ತಿಗಿ ನಿನ್ನ ಹೋಟೆಲ್‌ನ್ಯಾಗ ಸಕ್ರಿ ಕುಟ್ಟಾಕ ಇಟ್ಕೋ!" ಅಂದುಬಿಟ್ಟ.

ತಗಡು ಕತ್ತರಿಸುವ ಮೊದಲು ರಟ್ಟಿನಲ್ಲಿ ಅಚ್ಚು ತೆಗೆಯಬೇಕು. ಮಲ್ಕಪ್ಪನ ಬಿಸ್ಕೀಟಿನ ಪೆಟ್ಟಿಗೆ ಹರಿದು, ಪೈಪಿನ ಓಟಕ್ಕೆ ತಕ್ಕಂತೆ ಕತ್ತರಿಸಿ, ಮತ್ತೆ ಹಿಡಿದು, ಮತ್ತೆ ಕತ್ತರಿಸಿ, ಬಾಷುಮಿಯಾ ಒಂದು ತಾಸಿನಲ್ಲಿ ಅಚ್ಚು ಕೂರಿಸಿದ. ಹಣೆಯ ಬೆವರು ಒರೆಸಿಕೊಳ್ಳಲು ತಿರುಗಿದ್ದೇ ತಡ, ಮಾಸ್ತರರು ಅಚ್ಚನ್ನು ಸ್ಟೀಲ್ ತಗಡಿನ ಮೇಲಿಟ್ಟು, ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು, ಚಂದಾಗಿ ಸುತ್ತ ಗೆರೆ ಎಳೆದಿದ್ದರು.

"ನಿನಗ್ಯಾಕ ತ್ರಾಸು ಅಂತ ನಾನೇ ತೆಗದೀನಿ. ಗೆರಿ ನೋಡು, ಕೂದಲಷ್ಟೂ ಅತ್ತಿತ್ತ ಆಗಿಲ್ಲ."

ಗೆರೆ ನಿಜಕ್ಕೂ ಚಂದವಿತ್ತು. ಬಾಷುಮಿಯಾ ಕತ್ತರಿಸಿದ, ಬಗ್ಗಿಸಿದ, ಅಂಚು ಮಡಚಿದ. ಹನ್ನೆರಡೂವರೆಗೆ ಕಾರಿನೊಳಗೆ ಹಿಡಿದು ನೋಡಿದರೆ, ತಗ್ಗಿರಬೇಕಾದಲ್ಲಿ ಉಬ್ಬು, ಉಬ್ಬಿರಬೇಕಾದಲ್ಲಿ ತಗ್ಗು. ಮಾಸ್ತರರು ರಟ್ಟನ್ನು ಬೋರಲಿಟ್ಟು ಗೆರೆ ಎಳೆದಿದ್ದರು. ಎಡಗೈಗೆ ಬಲಗೈಯ ಕೈಗವಸು ಹೊಲಿದಂತೆ ಆಗಿತ್ತು.

ಬಾಷುಮಿಯಾ ತಗಡನ್ನು ರಸ್ತೆಗೆ ಬೀಸಿ ಒಗೆದ. ಅದು ಝಣಝಣ ಎಂದು ಉರುಳಿ ಹೋಗಿ ಎದುರಿನ ಕಿರಾಣಿ ಅಂಗಡಿಯ ಮೆಟ್ಟಿಲು ಬಡಿದು ನಿಂತಿತು. ಮಾಸ್ತರರಿಗೆ ಬೈಯುವಂತಿರಲಿಲ್ಲ, ಅವರ ಕೈಯಲ್ಲೇ ಕಲಿತವನು. ಹಾಗಾಗಿ ಸಿಟ್ಟೆಲ್ಲ ಮತ್ತೆ ಪೈಪಿನ ಕಡೆಗೇ ಹರಿಯಿತು.

"ಪೈಪ್ ಸೀದಾ ಬಿಟ್ಟಿದ್ರ ರಟ್ಟು ಹಿಂದ ಮುಂದ ಆದ್ರೂ ನಡೀತಿತ್ತು! ಇಂಥಾ ವಂಕಿ ಡೊಂಕಿ ಬೆಸದಾನಲ್ಲ, ಇವನ ಕೈಗಿ ಹುಳ ಬೀಳಲಿ!"

ಹಿಂದಿನ ಮನೆಯ ಬಾಗಿಲ ಪರದೆ ಸರಿಯಿತು. ಹೆಂಡತಿ ಕುಬ್ರಾಬೇಗಂ ತಲೆ ಹೊರಹಾಕಿ, "ಇತ್ತೀ ಗಾಲಿಯಾಂ ನಕ್ಕೋ ದೇವ್ ಜೀ," ಅಂದಳು. ಆಮೇಲೆ ಮೇಡಂಗೆ ತಿಳಿಯಲೆಂದು ಕನ್ನಡದಲ್ಲಿ, "ಇಷ್ಟು ಬೈಬ್ಯಾಡ್ರಿ. ಯಾರ ಹೊಟ್ಟಿಲೆ ಹುಟ್ಟಿದ ಮಕ್ಕಳೋ ಏನೋ. ಹಂಗ ಹುಳಾ ಪಳಾ ಅನಬ್ಯಾಡ್ರಿ," ಅಂದಳು.

"ಯಾರ ಹೊಟ್ಟಿಲೆ ಹುಟ್ಯಾನೋ ಅವರನ್ನೂ ಕರಿ. ಅವರಿಗೂ ಎರಡು ಹೇಳ್ತೀನಿ!"

ಕುಬ್ರಾಬೇಗಂ ಮೇಡಂ ಮುಖ ನೋಡಿದಳು. ಮೇಡಂ ನೆಲ ನೋಡಿದರು. ಪರದೆ ಮತ್ತೆ ಬಿತ್ತು. ಇಂಥ ಕೆಟ್ಟ ಪೈಪು ಹಾಕಿಸಿಕೊಂಡಿದ್ದಕ್ಕೆ ಪಾಪ, ಹುಡುಗಿಗೆ ನಾಚಿಕೆಯಾಗಿದೆ ಎಂದುಕೊಂಡ ಬಾಷುಮಿಯಾ.

ಎರಡನೇ ತಗಡು ಸರಿಯಾಗಿ ಕೂತಿತು. ಎರಡು ಗಂಟೆಗೆ ಇಂಜಿನ್ ಚಾಲೂ ಮಾಡಿ ನೋಡಿದರು. ಮರೆ ಒಂದು ಕಡೆ ಪೈಪಿಗೆ ತಾಗಿ ಗಡಗಡಗಡ ಎಂದು ಸಾವಿರ ಚಮಚ ಒಮ್ಮೆಲೇ ಬಿದ್ದಂತೆ ಸದ್ದು ಮಾಡತೊಡಗಿತು. ಬಾಷುಮಿಯಾ ಬೋಲ್ಟು ತಿರುಗಿಸುವ ಪಾನಾ ತರಲು ಒಳಗೆ ಹೋದ. ಅಷ್ಟರಲ್ಲಿ ಮಲ್ಕಪ್ಪನಿಗೆ ಪರೋಪಕಾರ ಉಕ್ಕಿಬಂತು. ಸದ್ದು ನಿಲ್ಲಲೆಂದು ಹೋಟೆಲಿನ ಒರೆಸುವ ಗೋಣಿ ಚೂರನ್ನು ಮಡಚಿ ಮರೆಗೂ ಪೈಪಿಗೂ ನಡುವೆ ತುರುಕಿಬಿಟ್ಟ.

ಸದ್ದು ನಿಂತಿತು. ಹೊಗೆ ಶುರುವಾಯಿತು.

"ಬೆಂಕಿ ಬೆಂಕಿ!" ಎಂದು ಮಲ್ಕಪ್ಪನೇ ಚೀರಿ, ಕಪ್ಪು-ಬಸಿ ತೊಳೆದ ನೀರಿನ ಬಕೆಟ್ಟು ಎತ್ತಿಕೊಂಡು ಓಡಿಬಂದ. ಕೆಂಪಗೆ ಕಾದ ಪೈಪಿಗೆ ನೀರು ಬಿದ್ದರೆ ಸೀಳಿಹೋಗುತ್ತದೆಂದು ಗೊತ್ತಿದ್ದ ಬಾಷುಮಿಯಾ ಪಾನಾ ಬಿಸಾಡಿ ಜಿಗಿದು ಕಾರಿಗೆ ಅಡ್ಡ ನಿಂತ. ಇಡೀ ಬಕೆಟ್ಟು ಅವನ ಎದೆಗೆ ಅಪ್ಪಳಿಸಿತು. ಇಕ್ಕಳದಿಂದ ಗೋಣಿಯನ್ನು ಎಳೆದು ರಸ್ತೆಗೆಸೆದು, ಮೇಡಂ ಇಂಜಿನ್ ಬಂದ್ ಮಾಡಿದ್ದನ್ನು ಖಾತ್ರಿ ಮಾಡಿಕೊಂಡು ಅವನು ತಿರುಗಿದಾಗ, ಗಡ್ಡದ ತುಂಬ ಚಹಾದ ಚರಟ, ಅಂಗಿಯ ಕಿಸೆಯಲ್ಲಿ ಅರ್ಧ ತಿಂದ ಬಿಸ್ಕೀಟು.

ರಸ್ತೆಯಲ್ಲಿ ಹೋಗುವವರೆಲ್ಲ ನಿಂತರು. ಮಲ್ಕಪ್ಪ ನಗು ತಡೆಯಲು ಟವೆಲ್ ಬಾಯಿಗೆ ತುರುಕಿಕೊಂಡ.

"ಎಲ್ಲಾರೂ ಹೊರಗ!" ಬಾಷುಮಿಯಾನ ದನಿಗೆ ಅಂಗಡಿಯ ಡಬ್ಬಿಗಳು ಕೂಡ ಗುಂಯ್‌ಗುಟ್ಟಿದವು. "ಈ ಪೈಪ್ ಮಾಡಿದವನಷ್ಟೇ ಅಲ್ಲ, ಇವನಿಗಿ ಈ ಕೆಲಸ ಕಲಿಸಿದ ಉಸ್ತಾದ ಯಾಂವ ಅದಾನಲ್ಲ, ಮೊದಲ ಅವನ ಕೈ ಮುರೀಬೇಕು! ಕತ್ತೆ ಕಾಯೂದು ಬಿಟ್ಟು ಕಲಿಸಾಕ ಕುಂತಿದ್ನೇನು ಅಂವ? ಅಂಥಾ ಉಸ್ತಾದನ್ನ ಇದೇ ಚೌಕಿನ್ಯಾಗ ನಿಲ್ಲಿಸಿ ಊರ ಮಂದಿ ಕೈಲೆ ಉಗಳಿಸಬೇಕು!"

ಪಂಚಶೀಲಾ ಏನೋ ಹೇಳಲು ಬಾಯಿ ತೆರೆದು, ಗಡಿಯಾರ ನೋಡಿ, ಮುಚ್ಚಿಕೊಂಡರು.

ಆಮೇಲೆ ಒಂದೂವರೆ ತಾಸು ಬಾಷುಮಿಯಾ ಯಾರನ್ನೂ ಹತ್ತಿರ ಬಿಡಲಿಲ್ಲ. ಮೇಡಂ ಮಾತ್ರ ಟಾರ್ಚು ಹಿಡಿದು ನಿಂತರು. ಮರೆ ಪೈಪಿಗೆ ತಾಗದಂತೆ ಸಣ್ಣ ಸಣ್ಣ ಸ್ಟೀಲ್ ಕೊಳವೆ ಕತ್ತರಿಸಿ ನಡುವೆ ಕೊಟ್ಟ. ಕಾದಾಗ ತಗಡು ಹಿಗ್ಗಲು ಜಾಗವಿರಲೆಂದು ಬೋಲ್ಟಿನ ತೂತನ್ನು ಉದ್ದಕ್ಕೆ ಕೊರೆದ. ಇನ್ನೊಂದು ತಗಡು ಕತ್ತರಿಸಿ, ಎರಡರ ನಡುವೆ ಮೇಡಂ ತಂದಿದ್ದ, ಶಾಖ ತಡೆಯುವ ಬಿಳಿ ಉಣ್ಣೆಯಂಥ ಹಾಸು ಇಟ್ಟು ಅಂಚು ಮಡಚಿದ. ಪೈಪಿನ ಬೆಸುಗೆಯನ್ನು ಅಷ್ಟು ಹತ್ತಿರದಿಂದ ನೋಡಿದಾಗ ಅವನಿಗೆ ಒಂದು ಗಳಿಗೆ ಕೈ ನಿಂತದ್ದು ನಿಜ. ಮೀನಿನ ಪೊರೆ ಜೋಡಿಸಿದಂಥ ಬೆಸುಗೆ. ಆದರೆ ಬೆಳಿಗ್ಗೆಯಿಂದ ಇಷ್ಟು ಬೈದ ಮೇಲೆ ಹೊಗಳುವುದು ಹೇಗೆ? ಮನಸ್ಸಿನಲ್ಲೇ ಇನ್ನೊಂದು ಬೈದು ಮುಂದೆ ನಡೆದ.

ಮೂರೂಮುಕ್ಕಾಲಿಗೆ ಇಂಜಿನ್ ಚಾಲೂ ಆಯಿತು. ಹತ್ತು ನಿಮಿಷ ಗರ್ಜಿಸಿತು. ಗಡಗಡ ಇಲ್ಲ, ಹೊಗೆ ಇಲ್ಲ. ಬಾಷುಮಿಯಾ ಮೀಸೆ ತಿರುವಿ, ಮಲ್ಕಪ್ಪನ ಕಣ್ಣಲ್ಲಿ ಕಣ್ಣಿಟ್ಟು, ಬರಿಗೈಯನ್ನು ಮರೆಯ ಮೇಲಿಟ್ಟ. ಬಿಸಿಯಿತ್ತು, ಸುಡಲಿಲ್ಲ. ಹೊರಗೆ ನಿಂತ ಮಂದಿ ಚಪ್ಪಾಳೆ ತಟ್ಟಿದರು. ಮಲ್ಕಪ್ಪ ಕೂಡ, "ಇಲ್ಲಪಾ, ಡಬ್ಬಿ ಅಲ್ಲ ಇದು," ಎಂದು ಒಪ್ಪಿಕೊಂಡ.

ಅಲ್ಲಿಗೆ ಬಿಟ್ಟಿದ್ದರೆ ಅವನು ಬಾಷುಮಿಯಾ ಹೇಗಾದಾನು?

"ಮೇಡಂ, ಆ ಹೈದರಾಬಾದಿನವನಿಗೆ ಫೋನ್ ಹಚ್ರಿ. ನಾಲ್ಕು ಮಾತು ಕೇಳದೇ ಬಿಡಾಂಗಿಲ್ಲ."

"ಬ್ಯಾಡ್ರಿ ಚಾಚಾ. ನಾಲ್ಕಾತು, ನಾ ಹೊಂಡ್ತೀನಿ..."

"ಹಚ್ರಿ ಅಂದ್ರ ಹಚ್ರಿ! ಸ್ಪೀಕರ್ ಹಾಕ್ರಿ. ಮಂದಿ ಕೇಳಲಿ."

ಕುಬ್ರಾಬೇಗಂ ಪರದೆ ದಾಟಿ ಅಂಗಡಿಗೇ ಬಂದುಬಿಟ್ಟಳು. "ನಕ್ಕೋ ಜೀ, ನಕ್ಕೋ," ಅಂದಳು. ಅವನು ಕೇಳಲಿಲ್ಲ. ಮೇಡಂ ನಿಟ್ಟುಸಿರು ಬಿಟ್ಟು ಫೋನ್ ಹಚ್ಚಿ ಕಾರಿನ ಮಡಗಾರ್ಡ್ ಮೇಲೆ ಇಟ್ಟರು. ಬಾಷುಮಿಯಾ ಗಂಟಲು ಸರಿಮಾಡಿಕೊಂಡು ಎದೆ ಉಬ್ಬಿಸಿದ.

"ಯಾರಲೇ ಅಂವ, ಈ ಪೈಪ್ ಬೆಸದಾಂವ?"

"ಸಲಾಂ ಅಬ್ಬಾ," ಅಂದಿತು ಫೋನು. "ನಾನೇ ಅಬ್ಬಾ, ಸಬಾ. ಮೇಡಂ ಹೇಳಲಿಲ್ಲೇನು?"

ಬಾಷುಮಿಯಾನ ಒಬ್ಬಳೇ ಮಗಳು ಸಬಾ. ಮೂರು ವರ್ಷದ ಹಿಂದೆ ಹೈದರಾಬಾದಿನ ಕಾರು ರಿಪೇರಿಯವರ ಮನೆಗೆ ಕೊಟ್ಟಿದ್ದ. ಗ್ಯಾರೇಜಿನಲ್ಲಿ ಕೂತು ಪಾವತಿ ಚೀಟಿ ಬರೆಯುತ್ತಾಳೆಂದು ಅವನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಅವಳು ಪಾವತಿ ಬಿಟ್ಟು ಬೆಸುಗೆ ಹಿಡಿದದ್ದು ತಾಯಿಗೆ ಮಾತ್ರ ಗೊತ್ತಿತ್ತು; ಗಂಡನ ಸಿಟ್ಟಿಗೆ ಹೆದರಿ ಅವಳು ಹೇಳಿರಲಿಲ್ಲ.

"ನೀ... ನೀ ಮಾಡೀಯೇನು ಬೇಟಿ?" ಬಾಷುಮಿಯಾನ ದನಿ ತೂತಾದ ಟ್ಯೂಬಿನಂತೆ ಇಳಿಯಿತು. "ಯಾರ್ ಕಲಿಸ್ಯಾರ ನಿನಗ?"

"ಮತ್ಯಾರು? ನೀವೇ. ಹತ್ತು ವರ್ಷ ನಿಮ್ಮ ಬಾಜೂಕ ಕುಂತು ನೋಡೀನಲ್ಲ."

ಮಲ್ಕಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು, "ಮಾಸ್ತರೇ, ಉಸ್ತಾದ್ರನ್ನ ಯಾವ ಕಡಿ ಮಾರಿ ಮಾಡಿ ನಿಲ್ಲಿಸೂಣ್ರಿ? ಮಂದಿ ಉಗಳಾಕ ಕಾಯಾಕತ್ತಾರ," ಅಂದ.

ನಗೆ ಭೋರ್ಗರೆಯಿತು. ಬಾಷುಮಿಯಾನಿಗೆ ಮೈಯೆಲ್ಲ ಉರಿಯಿತು, ಆದರೆ ಬೈಯಲು ಈಗ ಯಾರೂ ಉಳಿದಿರಲಿಲ್ಲ. ಮಾನ ಉಳಿಸಿಕೊಳ್ಳಲು ಮೆಲ್ಲಗೆ, "ಚಲೋ ಮಾಡೀದಿ ಬೇಟಿ. ಆದ್ರ ಪೈಪ್ ಸ್ವಲ್ಪ ದೂರ ಬಿಡಬೇಕಿತ್ತು," ಅಂದ.

"ದೂರ? ಎಲ್ಲಿ ದೂರ?" ಫೋನು ಸಿಡಿಯಿತು. ಬಜಾರದವರೆಲ್ಲ ಬೆಚ್ಚಿದರು. ಹೆಣ್ಣಿನ ದನಿ, ಆದರೆ ಏರಿಳಿತ ಪೂರ್ತಿ ಬಾಷುಮಿಯಾನದೇ. "ಮೇಡಂ ಸ್ಟೇರಿಂಗ್ ರಾಡು ತಲಿಮ್ಯಾಲ ಇಟ್ಕೊಂಡು ಕಾರ್ ನಡಸಬೇಕೇನು? ಅದಕ್ಕೇ ಅಳತಿ ಹೇಳಿ ನಿಮ್ಮ ಕಡಿ ಕಳಿಸಿದ್ದು! ಎಷ್ಟು ಸಂದು ಬಿಟ್ಟೀರಿ ಪೈಪಿಗೂ ಮರಿಗೂ?"

"ಅರ್ಧ ಇಂಚು, ಬೇಟಿ."

"ಅರ್ಧ ಇಂಚಾ! ಮುಕ್ಕಾಲು ಅಂತ ಬಾಯಿಬಿಟ್ಟು ಹೇಳಿ ಕಳಿಸೀನಿ! ನಿಂತ ಕಾರಿನ್ಯಾಗ ಹತ್ತು ನಿಮಿಷ ಕೈ ಇಟ್ಟು ನೋಡೂದು ಬ್ಯಾರೆ, ಪಂದ್ಯದಾಗ ಓಡೂದು ಬ್ಯಾರೆ. ಯಾಂವ ಮಾಡ್ಯಾನ ಅಂತ ನಾಳಿ ಮಂದಿ ನನಗ ಕೇಳ್ತಾರ, ನಿಮಗಲ್ಲ! ಬಿಚ್ರಿ ಅದನ್ನ!"

"ಹೂಂ ಬೇಟಿ."

"ಈಗಲೇ ಬಿಚ್ರಿ! ಕೊಳವಿ ಎಲ್ಲಾ ಬ್ಯಾರೆ ಕಡೀರಿ. ತಡಾ ಆದ್ರ ಆಗಲಿ, ಐದೂವರಿಗಿ ಮೇಡಂ ಹೊಂಡಬೇಕು. ಮತ್ತ ನಾಡದು ಇನ್ನೂ ಮೂರು ಕಾರ್ ಕಳಿಸಾಕತ್ತೇನಿ. ಇದೇ ಪೈಪು, ಇದೇ ಸಂದು."

"ಹೂಂ ಬೇಟಿ, ಹೂಂ," ಅಂದ ಬಾಷುಮಿಯಾ. ಚಹಾದ ಚರಟ ಒಣಗಿದ ಗಡ್ಡ ಕೆರೆದುಕೊಳ್ಳುತ್ತ ಪಾನಾ ಹುಡುಕಿ, ಮತ್ತೆ ಕಾದು ನಿಂತಿದ್ದ ಇಂಜಿನ್ನಿನೊಳಗೆ ಕೈ ತೂರಿಸಿದ.

ಚುರ್ ಅಂದಿತು. ಬಾಯಿ ತೆರೆದ. ಮಡಗಾರ್ಡ್ ಮೇಲಿದ್ದ ಫೋನು ಇನ್ನೂ ಚಾಲೂ ಇತ್ತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ.