ಹವಾಲ್ದಾರ್ ದೇರಪ್ಪನವರ ಹಿಮಾಚಲ

ಎಲ್ಲಕ್ಕೂ ಕಾರಣ ಬೆಳಿಗ್ಗೆ ವಾಟ್ಸಾಪಿಗೆ ಬಂದ ಒಂದು ಫೋಟೊ. ಹಿಂದೆ ಹಿಮದ ಬೆಟ್ಟ, ಮುಂದೆ ಸೇಬಿನ ಮರ, ನಡುವೆ ಪುಟ್ಟದೊಂದು ಮನೆ. ಕಳಿಸಿದವನು ಹಿಮಾಚಲದ ಠಾಕೂರ್, ಹವಾಲ್ದಾರ್ ದೇರಪ್ಪನವರ ಜೊತೆ ಸೈನ್ಯದಲ್ಲಿದ್ದವನು. ತಮ್ಮೂರಿನ ಈ ಮನೆ ಬಾಡಿಗೆಗಿದೆ, ಕೊಡಗಿನ ಬಾಡಿಗೆಯಲ್ಲಿ ಅರ್ಧ ಕೊಟ್ಟರೆ ಸಾಕು, ಆದರೆ ಇವತ್ತೇ ಹೂಂ ಅನ್ನಬೇಕು ಎಂದು ಬರೆದಿದ್ದ.

ದೇರಪ್ಪನವರಿಗೆ ಹೋದ ಜೀವ ಬಂದಂತಾಯಿತು. ಸೈನ್ಯ ಬಿಟ್ಟ ಮೇಲೆ ಸಿದ್ದಾಪುರದ ಎಸ್ಟೇಟೊಂದರ ಗೇಟು ಕಾದು, ಈಗ ಅಲ್ಲಿಂದಲೂ ನಿವೃತ್ತರಾಗಿದ್ದರು. ಇದ್ದ ಬಾಡಿಗೆಮನೆಯ ಓನರಿಗೆ ಹೋಂಸ್ಟೇ ಮಾಡುವ ಆಸೆ ಹತ್ತಿ, ಬಾಡಿಗೆ ಪೆನ್ಷನ್ನನ್ನೇ ನುಂಗುವ ಮಟ್ಟಕ್ಕೆ ಏರಿತ್ತು. ಉಳಿದ ಆಯುಸ್ಸನ್ನು ಕಡಿಮೆ ಖರ್ಚಿನಲ್ಲಿ, ಕಣ್ಣಿಗೆ ತಂಪಾದ ಕಡೆ, ನೆಮ್ಮದಿಯಾಗಿ ಕಳೆಯಬೇಕೆಂಬುದಷ್ಟೇ ಅವರ ಆಸೆ. ಹೆಂಡತಿ ಪೊನ್ನಮ್ಮ ಕಾಫಿ ಸೋಸುತ್ತಾ, ಅಲ್ಲಿ ಹಂದಿಮಾಂಸ ಸಿಗುತ್ತದೆಯೋ ಇಲ್ಲವೋ ಮೊದಲು ವಿಚಾರಿಸಿ ಎಂದರು.

ವಿಚಾರಿಸುವ ಬದಲು ದೇರಪ್ಪನವರು ಹಾಲು ತರಲು ಹೋಗಿ, ಆ ಫೋಟೊವನ್ನು ಅಂಗಡಿ ಜವರಯ್ಯನಿಗೆ ತೋರಿಸಿಬಿಟ್ಟರು.

ತಂದ ಹಾಲು ಉಕ್ಕುವ ಮೊದಲೇ ಜವರಯ್ಯ ಅಂಗಡಿಗೆ ಬಾಗಿಲು ಹಾಕಿ ಮನೆಗೆ ಬಂದ. ಹಿಮಾಚಲದಲ್ಲಿ ಕರಡಿ ಸೀದಾ ಅಡುಗೆಮನೆಗೇ ನುಗ್ಗುತ್ತದಂತೆ. ಇಲ್ಲಿ ಆನೆ ಬರುವುದಿಲ್ಲವೇ ಎಂದು ದೇರಪ್ಪನವರು ಕೇಳಿದರು.

"ಬರುತ್ತೆ ಹವಾಲ್ದಾರ್ರೆ, ಇಲ್ಲ ಅನ್ನಲ್ಲ. ಆದ್ರೆ ಅವು ನಮ್ಗೆ ಗುರುತಿರೋ ಆನೆಗಳು."

ಅವನ ಹಿಂದೆಯೇ ಪಕ್ಕದ ಮನೆಯ ಅಶ್ವಥ್ ಬಂದ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಅವನು. ಮೊಬೈಲಿನಲ್ಲಿ ಭೂಕಂಪದ ವಿಡಿಯೊಗಳನ್ನು ತೋರಿಸಿದ. ಒಂದು ಜಪಾನಿನದೆಂದು ದೇರಪ್ಪನವರು ಪತ್ತೆಹಚ್ಚಿದಾಗ, ಹಿಮಾಚಲದ್ದು ಇದಕ್ಕಿಂತ ಜೋರು ಅಂದ. ಮಧ್ಯಾಹ್ನ ಎದುರುಮನೆ ವಿಮಲಮ್ಮ ಪಾತ್ರೆ ತುಂಬ ಹಂದಿ ಸಾರು, ಕಡುಬು ತಂದರು. ಅಲ್ಲಿಯ ಚಳಿಗೆ ಬಚ್ಚಲ ನೀರು ಕಲ್ಲಾಗುತ್ತದೆ, ಮುದಿ ಮೂಳೆ ತಡೆಯುವುದಿಲ್ಲ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ದೇರಪ್ಪನವರ ಎದೆ ತುಂಬಿ ಬಂತು. ಬೀದಿಯವರು ತಮ್ಮನ್ನು ಇಷ್ಟೊಂದು ಹಚ್ಚಿಕೊಂಡಿದ್ದಾರೆಂದು ಅವರಿಗೆ ಗೊತ್ತೇ ಇರಲಿಲ್ಲ. ಹೋದ ಮಳೆಗಾಲದಲ್ಲಿ ನಿಮಗೆ ಡೆಂಗ್ಯೂ ಬಂದಾಗ ಇವರ್ಯಾರೂ ಗಂಜಿ ತಂದಿರಲಿಲ್ಲ ಎಂದು ಪೊನ್ನಮ್ಮ ಗೊಣಗಿದ್ದು ಅವರ ಕಿವಿಗೆ ಬೀಳಲಿಲ್ಲ.

ಸಂಜೆ ಮೂವರೂ ಮತ್ತೆ ಜಗಲಿಯಲ್ಲಿ ಸೇರಿದಾಗ ದೇರಪ್ಪನವರು ಎದ್ದು ನಿಂತರು.

"ನಾನು ಎಲ್ಲಿಗೂ ಹೋಗಲ್ಲ. ಬಾಡಿಗೆ ಏರಿದ್ರೆ ಏರ್ಲಿ, ನಿಮ್ಮಂಥೋರನ್ನ ಬಿಟ್ಟು ಹೇಗೆ ಹೋಗ್ಲಿ?"

ಓನರ್ ಹತ್ತಿರ ತಾನೇ ಮಾತಾಡುತ್ತೇನೆ ಎಂದ ಜವರಯ್ಯ. ವಿಮಲಮ್ಮ ಎಲ್ಲರಿಗೂ ಇನ್ನೊಂದೊಂದು ಕಡುಬು ಹಾಕಿದರು. ಅಶ್ವಥ್ ಮಾತ್ರ ಮೆಲ್ಲಗೆ, "ಹಾಗಾದ್ರೆ ನಾಳೆ ವಿರಾಜಪೇಟೆ ಕ್ಯಾಂಟೀನಿಗೆ ಹೋಗ್ತೀರಲ್ಲ, ಅಣ್ಣ?" ಎಂದು ಕೇಳಿದ.

ಮಾಜಿ ಸೈನಿಕರು ಕಾರ್ಡು ತೋರಿಸಿದರೆ ಮಿಲಿಟರಿ ಕ್ಯಾಂಟೀನಿನಲ್ಲಿ ಪ್ರತಿ ತಿಂಗಳೂ ಕಡಿಮೆ ದರಕ್ಕೆ ರಮ್ಮು ಸಿಗುತ್ತದೆ. ಕುಡಿತ ಮುಟ್ಟದ ದೇರಪ್ಪನವರು ತಮ್ಮ ಪಾಲನ್ನು ತಂದು, ಕೊಂಡ ದರಕ್ಕೇ ಈ ಮೂರು ಮನೆಗೆ ಹಂಚುತ್ತಿದ್ದರು. ವಿಮಲಮ್ಮನದು ಬ್ರಾಂದಿ, ಅದೂ ಕೆಮ್ಮಿಗೆ. ಅವರ ಮನೆಯಲ್ಲಿ ವರ್ಷವಿಡೀ ಯಾರಿಗಾದರೂ ಕೆಮ್ಮು ಇದ್ದೇ ಇರುತ್ತಿತ್ತು.

"ಕ್ಯಾಂಟೀನು ಬಿಟ್ಟೆ ಅಶ್ವಥ್. ಬಾಟ್ಲಿ ಚೀಲ ಹಿಡ್ಕೊಂಡು ಬಸ್ಸಲ್ಲಿ ನಿಂತು ಬರೋಕೆ ಮಂಡಿ ಕೇಳಲ್ಲ. ಇನ್ಮೇಲೆ ಹೋಗಲ್ಲ."

ವಿಮಲಮ್ಮ ಕಡುಬಿನ ಪಾತ್ರೆಗೆ ಮುಚ್ಚಳ ಹಾಕಿದರು. ಆಮೇಲೆ ಜವರಯ್ಯ ಆ ಫೋಟೊ ಇನ್ನೊಮ್ಮೆ ತೋರಿಸಿ ಎಂದು ಮೊಬೈಲು ಇಸಿದುಕೊಂಡ.

"ಜಾಗ ಚೆನ್ನಾಗೇ ಇದೆ ಕಣ್ರೀ. ಕರಡಿ ಪಾಪ, ಅದ್ರ ಪಾಡಿಗೆ ಅದು ಇರುತ್ತೆ."

ಭೂಕಂಪವೂ ಅಷ್ಟೇ, ಗೊತ್ತಾಗುವುದರೊಳಗೆ ಮುಗಿದಿರುತ್ತದೆ ಎಂದ ಅಶ್ವಥ್. ಚಳಿಯಲ್ಲಿ ಇದ್ದವರೇ ನೂರು ವರ್ಷ ಬಾಳುವುದು ಎಂದರು ವಿಮಲಮ್ಮ. ರೈಲಿನವರೆಗೆ ಸಾಮಾನು ಸಾಗಿಸಲು ಜವರಯ್ಯ ತನ್ನ ಪಿಕಪ್ ವ್ಯಾನನ್ನು ಬಾಡಿಗೆಯಿಲ್ಲದೆ ಕೊಡುತ್ತೇನೆಂದ. ಹೋಗುವಾಗ ವಿಮಲಮ್ಮ ಪಾತ್ರೆಯನ್ನು ಮರೆಯಲಿಲ್ಲ. ಅದರಲ್ಲಿ ಉಳಿದ ಸಾರನ್ನೂ ಮರೆಯಲಿಲ್ಲ.

ದೇರಪ್ಪನವರಿಗೆ ನಿಜಕ್ಕೂ ಸಂಕಟವಾಯಿತು. ಇಷ್ಟು ವರ್ಷ ಇವರಿಗೆ ಬೇಕಾಗಿದ್ದು ತಾವಲ್ಲ, ತಮ್ಮ ಕಾರ್ಡು. ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರೂ ಸರಿ, ಪ್ರೀತಿಯಿಂದ ಕರೆಯುವವರ ನಡುವೆ ಸಾಯುತ್ತೇನೆ ಎಂದು ಹೆಂಡತಿಗೆ ಹೇಳಿ, ಠಾಕೂರನಿಗೆ ಫೋನು ಹಚ್ಚಿದರು.

ಬರುತ್ತೇನೆ ಅಂದದ್ದೇ ತಡ, ಠಾಕೂರ್ ಆ ಕಡೆ ಕುಣಿದಾಡಿದ. ಊರಿಗೆ ಊರೇ ನಿನ್ನ ದಾರಿ ಕಾಯುತ್ತಿದೆ ಎಂದ. ದೇರಪ್ಪನವರ ಕಣ್ಣಲ್ಲಿ ನೀರಾಡಿತು. ಠಾಕೂರ್ ತನ್ನ ಹಿಂದಿಯಲ್ಲಿ ಮುಂದುವರಿಸಿದ:

"ಬೇರೆ ಏನು ಬಿಟ್ಟು ಬಂದ್ರೂ ಪರವಾಗಿಲ್ಲ, ಕ್ಯಾಂಟೀನ್ ಕಾರ್ಡ್ ಮಾತ್ರ ಮರೀಬೇಡ. ನೀನು ಕುಡಿಯಲ್ಲ ಅಂತ ಇಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ."

ದೇರಪ್ಪನವರು ಫೋನು ಕೆಳಗಿಟ್ಟರು. ಏನಂತೆ, ಅಲ್ಲಿಯ ಜನ ಹೇಗಂತೆ ಎಂದು ಪೊನ್ನಮ್ಮ ಕೇಳಿದರು.

"ಒಳ್ಳೆಯವ್ರೇ. ಥೇಟ್ ನಮ್ಮ ಬೀದಿಯವ್ರ ಹಾಗೇ."