ಮಸ್ಕಿ ಕಡಿ ಬಿಗಿ, ಮುಕ್ಕುಂದ ಕಡಿ ಸಡ್ಲ

ಪಂಪಮ್ಮ: ಎರಡು ದೋಣ್ಯಾಗ ಕಾಲಿಟ್ಟೀಯಲ್ಲಬೇ ರಾಜಶ್ರೀ! ಮನಿ ಮಾನ ಏನಾಗಬೇಕು?

ರಾಜಶ್ರೀ: ಯಾವ ದೋಣಿ ಯವ್ವಾ? ಕುರ್ಚಿ ಮ್ಯಾಲೆ ಕುಂತೀನಿ.

ಪಂಪಮ್ಮ: 'ಮಸ್ಕಿ ಕಡಿ ಫಿಕ್ಸ್ ಮಾಡ್ರಿ, ಮುಕ್ಕುಂದ ಕಡಿ ಸಡ್ಲ ಬಿಡ್ರಿ' ಅಂತ ಆಗ ಫೋನಿನಾಗ ಅಂದಿಲ್ಲೇನು? ನಾ ರೊಟ್ಟಿ ಬಡ್ಯಾಕತ್ತಿದ್ನಿ, ಕಿವಿ ಏನು ಒಲಿಗೆ ಹಾಕಿರಲಿಲ್ಲ!

ರಾಜಶ್ರೀ ಸಿಂಧನೂರಿನಲ್ಲಿ ಕಟ್ಟಡಗಳ ನಕ್ಷೆ ಹಾಕುವ ಇಂಜಿನಿಯರು. ಮಸ್ಕಿಯಿಂದೊಂದು, ಮುಕ್ಕುಂದದಿಂದೊಂದು ಸಂಬಂಧ ಬಂದಿದ್ದವು. 'ಹುಡುಗರ ಮಾರಿ ನೋಡಿ ಹೇಳ್ತೀನಿ' ಎಂದವಳು ಸುಮ್ಮನಾಗಿಬಿಟ್ಟಿದ್ದಳು. ಅಂದಿನಿಂದ ಪಂಪಮ್ಮನಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ, ಪಾಪ.

ರಾಜಶ್ರೀ: ಅಯ್ಯ, ಅದು ಬೀಮ್‌ದು ಮಾತು!

ಪಂಪಮ್ಮ: ಭೀಮ? ಇವ ಯಾವ ಮೂರನೇದಾವ?

ರಾಜಶ್ರೀ: ಜವಳಗೇರಾ ರೈಸ್ ಮಿಲ್ಲಿಂದು.

ಪಂಪಮ್ಮನ ಮುಖ ಅರಳಿತು.

ಪಂಪಮ್ಮ: ಮಿಲ್ಲು ಸ್ವಂತದ್ದೇನು?

ರಾಜಶ್ರೀ: ಕಬ್ಬಿಣದ ತೊಲಿ ಯವ್ವಾ! ಎರಡು ಕಾಂಕ್ರೀಟ್ ಗೋಡಿ ನಡುವ ಕೂರಿಸೋದು. ನಮ್ಮ ಬಿಸಿಲಿಗೆ ಹಿಗ್ಗತೈತಿ. ಅದಕ್ಕ ಮಸ್ಕಿ ದಿಕ್ಕಿನ ಗೋಡಿಗೆ ಬಿಗಿ ಮಾಡಿ, ಮುಕ್ಕುಂದ ದಿಕ್ಕಿಗೆ ಉದ್ದ ತೂತು ಕೊರದು ಬೋಲ್ಟ್ ಹಾಕ್ತೀವಿ. ಸರದಾಡಾಕ ಜಾಗ ಬೇಕು. ಎರಡೂ ಕಡಿ ಬಿಗದ್ರ ಗೋಡಿ ಬಿರುಕು ಬಿಡತೈತಿ.

ಪಂಪಮ್ಮ ದೊಪ್ಪನೆ ನೆಲಕ್ಕೆ ಕುಂತಳು. ಹಣೆ ಬಡಿದುಕೊಂಡಾಗ ಕೈಯಲ್ಲಿದ್ದ ಹಿಟ್ಟು ಅಲ್ಲಿಗೂ ಹತ್ತಿತು.

ಪಂಪಮ್ಮ: ಶಿವನೇ! ನಾ ಮಸ್ಕಿಯವರಿಗೆ ಫೋನ್ ಹಚ್ಚಿ 'ಫಿಕ್ಸ್' ಅಂದುಬಿಟ್ಟೀನಲ್ಲ!

ರಾಜಶ್ರೀ: ಏನಂದಿ?!

ಪಂಪಮ್ಮ: ಮುಕ್ಕುಂದದವರಿಗೆ 'ನಿಮ್ಮದು ಸಡ್ಲ ಆತ್ರಿ' ಅಂತನೂ ಅಂದೀನಿ.

ರಾಜಶ್ರೀ: ಅವರೇನಂದ್ರು?

ಪಂಪಮ್ಮ: 'ಯಾವುದು ಸಡ್ಲ ಆತ್ರಿ?' ಅಂದ್ರು. ನನಗೇನು ಗೊತ್ತು? ಫೋನ್ ಇಟ್ಟುಬಿಟ್ನಿ.

ರಾಜಶ್ರೀ ಬೈಯಲೆಂದೇ ಬಾಯಿ ತೆರೆದಳು, ನಗು ಹೊರಗೆ ಬಿತ್ತು. ಮಗಳ ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು, ಈ ನಗುವನ್ನು ಪಂಪಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ. ಅಷ್ಟರಲ್ಲಿ ಫೋನು ರಿಂಗಣಿಸಿತು. ಮಸ್ಕಿಯ ಹುಡುಗನ ತಾಯಿ.

ರಾಜಶ್ರೀ: ಎತ್ತು. ನಾ ಇನ್ನ ನೋಡಿಲ್ಲ, ಒಪ್ಪಿಲ್ಲ. ನಿಜ ಹೇಳಿಬಿಡು.

ಪಂಪಮ್ಮ ಫೋನು ಕಿವಿಗಿಟ್ಟಳು.

ಪಂಪಮ್ಮ: ಹೂಂನ್ರಿ ಯಕ್ಕಾ, ಬರ್ರಿ, ಹುಡುಗನ್ನೂ ಕರಕೊಂಡು ಬರ್ರಿ... ಆಗ ಫಿಕ್ಸ್ ಅಂದಿದ್ನಲ್ರಿ, ಅದು... ಬೋಲ್ಟ್ ಅಷ್ಟ ಹಾಕೀವ್ರಿ, ಇನ್ನ ಬಿಗಿ ಮಾಡಿಲ್ಲ!