ಮೋಡ ಏಳದೆ ಹೊರಡೋ ಹಾಗಿಲ್ಲ

ನಾನು ಮೊದಲ ಸಲ ಹೇಳದೆ ಕೇಳದೆ ಹೊರಟದ್ದು ಒಂದು ಸೋಮವಾರ. ಶೃಂಗೇರಿಯಲ್ಲಿ ಏಳನೇ ಕ್ಲಾಸು. ಮೇಷ್ಟ್ರು "ಆಫೀಸಿಂದ ಸೀಮೆಸುಣ್ಣ ತಗೊಂಬಾ" ಅಂತ ಕಳಿಸಿದರು. ಹೊರಗೆ ಬಂದರೆ ಗೇಟಿನ ಹತ್ತಿರ ಶಾಮಿಯಾನದ ಲಾರಿ ನಿಂತಿತ್ತು. ಹತ್ತಿದೆ. ಸೀಮೆಸುಣ್ಣ ಇನ್ನೂ ಕೊಟ್ಟಿಲ್ಲ.

ಅವತ್ತಿಂದ ಕೊಪ್ಪ, ಬಸರೀಕಟ್ಟೆ, ಕೆರೆಕಟ್ಟೆ ಅಂತ ಗೂಟ ಹೊಡೆಯೋದು, ಗೂಟ ಕೀಳೋದು, ಇದೇ ಬದುಕು. ಎರಡರ ನಡುವೆ ಜನ ಏನಾದರೊಂದು ಎಡವಟ್ಟು ಮಾಡಿಯೇ ಮಾಡುತ್ತಾರೆ. ಅವರು ಮಾಡದಿದ್ದರೆ ನಾನು ಮಾಡುತ್ತೇನೆ. ಹೋದ ಡಿಸೆಂಬರಿನಲ್ಲಿ ಎನ್.ಆರ್.ಪುರದ ಹತ್ತಿರ ಎಲ್ಲರೂ ಸೇರಿ ಮಾಡಿದೆವು.

ರಸ್ತೆ ನೋಡುವ ಗುಡಾರಗಳು

ಅಲ್ಲಿನ ಒಂದು ಚರ್ಚಿನ ಮೈದಾನ. ಫಾದರ್ ಒಂದು ಕಾಗದ ಕೊಟ್ಟು, "ನಡುವೆ ಒಂದು ದೊಡ್ಡ ಗುಡಾರ, ಸುತ್ತ ಹನ್ನೆರಡು ಸಣ್ಣವು. ಒಂದು ರಾತ್ರಿಯ ಕ್ಯಾಂಪು" ಅಂದರು. ಕಾಗದ ಓದುವ ಅಭ್ಯಾಸ ನನಗಿಲ್ಲ. ವಾಡಿಕೆಯಂತೆ ಎಲ್ಲದರ ಬಾಗಿಲನ್ನೂ ರಸ್ತೆಗೆ ತಿರುಗಿಸಿದೆ. ನಡುವಿನ ದೊಡ್ಡದರಲ್ಲಿ ಒಲೆ ಹೂಡಿಸಿದೆ. ಯಾವ ಸಮಾರಂಭದಲ್ಲಾದರೂ ಜನರ ಮುಖ ಅಡುಗೆಯ ಕಡೆಗೇ ತಾನೆ ಇರೋದು?

ಸಂಜೆ ಬಂದ ಫಾದರ್ ತಲೆ ಮೇಲೆ ಕೈ ಇಟ್ಟರು. "ಎಲ್ಲ ಗುಡಾರವೂ ರಸ್ತೆ ನೋಡ್ತಾ ಇವೆಯಲ್ಲೋ!"

"ಗಿರಾಕಿ ಬರೋದು ಅಲ್ಲಿಂದಲ್ವ ಫಾದರ್?"

ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಈಜಿಪ್ಟಿನ ಗುಲಾಮಗಿರಿ ಬಿಟ್ಟು ಹೊರಟ ಇಸ್ರೇಲರು ಹನ್ನೆರಡು ಕುಲ. ನಲವತ್ತು ವರ್ಷ ಮರುಭೂಮಿಯಲ್ಲಿ ಅಲೆದರು. ಎಲ್ಲಿ ತಂಗಿದರೂ ನಡುವೆ ದೇವರ ಗುಡಾರ, ದಿಕ್ಕಿಗೆ ಮೂರು ಕುಲ, ಎಲ್ಲರ ಮುಖವೂ ನಡುವಿಗೆ.

"ನಲವತ್ತು ವರ್ಷ ಗೂಟ ಹೊಡೆದು ಕಿತ್ತರಾ?" ನನಗೆ ಆ ಜನದ ಮೇಲೆ ಒಮ್ಮೆಲೇ ಗೌರವ ಬಂತು. "ಅವರ ಓನರ್ ಯಾರು?"

"ದೇವರೇ."

"ಹಂಗಾರೆ ರಜೆ ಕೇಳೋ ಹಾಗೂ ಇಲ್ಲ."

ಫಾದರ್ ನಗಲಿಲ್ಲ. "ಇದರ ಅರ್ಥ ಇಷ್ಟೇ ಮಾರಾಯ. ನಡುವಿರೋದು ಯಾರೊಬ್ಬರ ಸ್ವತ್ತೂ ಅಲ್ಲ. ಪಕ್ಕದ ಗುಡಾರದಲ್ಲಿ ಯಾರಿರಬೇಕು ಅಂತ ಆರಿಸೋ ಹಕ್ಕೂ ನಮಗಿಲ್ಲ."

ಹದಿಮೂರನ್ನೂ ಕಿತ್ತು ಮತ್ತೆ ಹೊಡೆದೆ. ಒಲೆಯನ್ನು ಪಡುವಣ ಸಾಲಿನ ಹಿಂದಿನ ತಗ್ಗಿಗೆ ಸಾಗಿಸಿದೆ. ಇನ್ನೂ ದೂರ ಒಯ್ಯಬಹುದಿತ್ತು, ಸೊಂಟ ಒಪ್ಪಲಿಲ್ಲ.

ಮೂಡಣದ ಪೈಪೋಟಿ

ಚರ್ಚಿನ ಕುಟುಂಬಗಳು ಚೀಟಿ ಎತ್ತಿ ಒಂದೊಂದು ಕುಲ ಆಗಬೇಕಿತ್ತು. ಎಲ್ಲರಿಗೂ ಮೂಡಣ ದಿಕ್ಕೇ ಬೇಕು. ಭಕ್ತಿಯಿಂದ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಬೆಳಿಗ್ಗೆ ಚರ್ಚಿಗೆ ಹೊರಡುವ ಮೆರವಣಿಗೆಯಲ್ಲಿ ಮೂಡಣದ ಯೆಹೂದ ಕುಲವೇ ಮೊದಲು. ತಿಂಡಿಗೆ ಮರಗೆಣಸು, ಬಡಿಸೋದು ಚರ್ಚಿನ ಅಂಗಳದಲ್ಲಿ.

"ಎಲ್ಲ ಗುಡಾರವೂ ದೇವರಿಗೆ ಅಷ್ಟೇ ದೂರ" ಅಂತ ಫಾದರ್ ಸಮಾಧಾನ ಹೇಳಿದರು.

"ದೇವರಿಗೆ ಸರಿ ಫಾದರ್, ಮರಗೆಣಸಿಗೆ?" ಅಂತ ಯಾರೋ ಕೇಳಿದರು.

ಯೆಹೂದ ಕುಲ ಬಂದದ್ದು ರಬ್ಬರ್ ತೋಟದ ಒಬ್ಬ ಯಜಮಾನರಿಗೆ. ಅದರ ಪಕ್ಕದ ಇಸ್ಸಾಕಾರ್ ಅವರ ತಮ್ಮನಿಗೆ. ಒಂದು ಬೇಲಿಯ ವಿಷಯಕ್ಕೆ ಆರು ವರ್ಷದಿಂದ ಅವರಿಬ್ಬರಿಗೂ ಮಾತಿಲ್ಲ. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ಅವನ ಗುಡಾರ ನಾಲ್ಕು ಮಾರು ಆಚೆ ಹಾಕು" ಅಂದರು.

"ನಿಮ್ಮದನ್ನೇ ಸರಿಸ್ಲಾ?"

"ನಾನ್ಯಾಕೆ ಸರೀಲಿ? ಅವನು ಸರೀಲಿ!"

ಹತ್ತು ನಿಮಿಷ ಬಿಟ್ಟು ತಮ್ಮ ಬಂದರು. ಅದೇ ನಾಲ್ಕು ಮಾರು, ಅದೇ "ನಾನ್ಯಾಕೆ ಸರೀಲಿ?" ಒಂದೇ ತಾಯಿಯ ಮಕ್ಕಳು ಅನ್ನೋದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಕೇಳಿದ್ದಕ್ಕೆ ಫಾದರ್ ಗದರಿದರು. "ಒಂದು ಗೂಟವೂ ಅಲುಗಾಡಕೂಡದು. ಈ ಕ್ಯಾಂಪು ಇಟ್ಟಿದ್ದೇ ಅವರಿಬ್ಬರಿಗಾಗಿ. ಅವರ ಅಮ್ಮನಿಗೆ ಕಣ್ಣು ಮಂಜಾಗ್ತಾ ಇದೆ. ಇಬ್ಬರನ್ನೂ ಒಂದೇ ಬೆಂಚಲ್ಲಿ ನೋಡ್ಬೇಕು ಅಂತ ನನ್ನ ಹತ್ರ ಅತ್ತಿದ್ದಾರೆ."

"ಚೀಟಿ ಅದಾಗಿಯೇ ಹಾಗೆ ಬಂತಾ ಫಾದರ್?"

ಫಾದರ್ ಆಕಾಶ ನೋಡಿದರು.

ಏಳದ ಮೋಡ

ಆ ಕುಲಗಳು ಹೊರಡುವುದಕ್ಕೂ ಒಂದು ಕ್ರಮ ಇತ್ತಂತೆ. ದೇವರ ಗುಡಾರದ ಮೇಲೆ ಮೋಡ ಕೂತಿದ್ದರೆ ಯಾರೂ ಕದಲಬಾರದು. ಮೋಡ ಎದ್ದರೆ ತುತ್ತೂರಿ ಊದಿ ಹೊರಡಬೇಕು. ಫಾದರ್ ಕರಾವಳಿಯವರು, ಬಂದು ಮೂರು ತಿಂಗಳಾಗಿತ್ತಷ್ಟೆ. "ಬೆಳಗಿನ ಮಂಜು ನಡುವಿನ ಗುಡಾರದ ಮೇಲಿಂದ ಎದ್ದ ಕೂಡಲೇ ತುತ್ತೂರಿ, ಆರೂವರೆಗೆಲ್ಲ ಹೊರಟುಬಿಡೋಣ" ಅಂತ ಸಾರಿದರು.

ಡಿಸೆಂಬರಿನ ಎನ್.ಆರ್.ಪುರದ ಮಂಜು! ಏಳಾಯಿತು, ಎಂಟಾಯಿತು. ಕುಲಕ್ಕೊಂದರಂತೆ ಕಟ್ಟಿದ್ದ ಬಾವುಟಗಳು ನೆನೆದು ಕೋಲಿಗೆ ಅಂಟಿಕೊಂಡು ಯಾವ ಕುಲ ಯಾವುದೋ ತಿಳಿಯದು. ಬ್ಯಾಂಡ್ ಸೆಟ್ಟಿನವನು ಐದು ನಿಮಿಷಕ್ಕೊಮ್ಮೆ "ಊದ್ಲಾ?" ಅನ್ನುತ್ತಾನೆ, ಫಾದರ್ "ತಡಿ" ಅನ್ನುತ್ತಾರೆ.

ಅಣ್ಣ ಮುಖ ತೊಳೆಯಲು ಹೋದವರು ತಡವರಿಸಿಕೊಂಡು ಬಂದರು. ಇಸ್ಸಾಕಾರ್ ಗುಡಾರದೊಳಗೆ ತಮ್ಮ ಕೆಮ್ಮಿದರು, ಅಣ್ಣ ದಾರಿ ತಪ್ಪಿ ಅಲ್ಲಿಗೇ ನುಗ್ಗಿ ಕೂತರು. ನಾನು ಅಲ್ಲೇ ಹಗ್ಗ ಬಿಗಿಯುತ್ತಿದ್ದೆ. ಒಳಗಿಂದ ಒಂದು ಕೈ ಫ್ಲಾಸ್ಕಿನ ಕಾಫಿ ಬಗ್ಗಿಸಿ ಕೊಟ್ಟಿತು. ಕುಡಿದರು. ಇನ್ನೊಂದು ಲೋಟ ಬಂತು. ಅಷ್ಟರಲ್ಲಿ ನಮ್ಮ ಕಡೆ ಮಂಜು ತಿಳಿಯಾಗಿ ಇಬ್ಬರ ಮುಖವೂ ಕಂಡಿತು.

"ಸಕ್ಕರೆ ಜಾಸ್ತಿ" ಅಂದರು ಅಣ್ಣ. "ನಂಗೆ ಶುಗರ್ರು."

"ಯಾವಾಗಿಂದ? ಯಾರೂ ಹೇಳ್ಲೇ ಇಲ್ಲ!"

"ಹೇಳೋಕೆ ನೀನು ಮಾತಾಡ್ತಿದ್ಯಾ?"

ನಮ್ಮ ಕಡೆ ಬಿಸಿಲು ಬಿದ್ದರೂ ನಡುವಿನ ಗುಡಾರದ ಮೇಲಿನ ಬಿಳಿ ಮಾತ್ರ ಕದಲಲಿಲ್ಲ. ಕೊನೆಗೆ ಅದೂ ಎದ್ದು ತುತ್ತೂರಿ ಊದುವಾಗ ಒಂಬತ್ತೂವರೆ. ಅಷ್ಟರಲ್ಲಿ ಶುಗರಿನಿಂದ ಶುರುವಾದ ಮಾತು ಹಳೇ ಬೇಲಿ ದಾಟಿ ಈ ಸಲದ ರಬ್ಬರಿಗೆ ಬಂದಿತ್ತು. ಇಬ್ಬರೂ ಒಟ್ಟಿಗೇ ಚರ್ಚಿಗೆ ನಡೆದರು. ಮುಂದಿನ ಬೆಂಚಿನಲ್ಲಿದ್ದ ಅಮ್ಮ ಇಬ್ಬರನ್ನೂ ಮುಟ್ಟಿ ಮುಟ್ಟಿ ನೋಡಿ ಜಾಗ ಬಿಟ್ಟು ಸರಿದು, "ಎಷ್ಟು ತಡ ಮಾಡಿದ್ರೋ, ಹಸಿವಾಗ್ತದೆ" ಅಂದರು.

ಗಂಟು ಕಟ್ಟುವಾಗ

ಮಧ್ಯಾಹ್ನ ಗೂಟ ಕೀಳುತ್ತಿದ್ದೆ. ಫಾದರ್ ಸಂತೋಷದಲ್ಲಿ ಬಂದವರು ತಟ್ಟನೆ ನಿಂತರು. ಸುತ್ತ ಸುಡುಬಿಸಿಲು. ತಗ್ಗಿನಲ್ಲಿ ಆರದ ಒಲೆಯ ಹೊಗೆ ಮೆಲ್ಲಗೆ ಏರಿ ಬಂದು ನಡುವಿನ ಗುಡಾರದ ಮೇಲೆ ಮೋಡದ ಹಾಗೆ ಕೂರುತ್ತಿತ್ತು.

"ನಿಜವಾದ ಮಂಜು ಎಷ್ಟೊತ್ತಿಗೆ ಎದ್ದಿತ್ತು?"

"ಎಂಟೂಕಾಲಕ್ಕೆ ಫಾದರ್."

"ಆಮೇಲೆ ಕೂತಿದ್ದು?"

"ಹಸಿ ರಬ್ಬರ್ ಸೌದೆ."

ಫಾದರ್ ಹಗ್ಗದ ರಾಶಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಯಾರಿಗೂ ಹೇಳ್ಬೇಡ. ದೇವರೇ ಮೋಡ ಕೂರಿಸಿದ ಅಂತ ಆ ಅಣ್ಣ ತಮ್ಮ ನಂಬಿದ್ದಾರೆ."

ಅವರು ಅತ್ತ ಹೋದರು, ಇತ್ತ ಅಣ್ಣ ಟಾರ್ಚು ಮರೆತೆ ಅಂತ ಬಂದರು. "ಮಂಜಲ್ಲಿ ಗುಡಾರ ತಪ್ಪಿದ್ದು ಒಳ್ಳೇದೇ ಆಯ್ತು ಬಿಡಿ" ಅಂದೆ.

"ತಪ್ಪೋದೆಂತದು? ಅವನ ಕೆಮ್ಮು ನಂಗೆ ಗೊತ್ತಾಗಲ್ವ? ಗೊತ್ತಿದ್ದೇ ಹೋಗಿದ್ದು. ಅವನಿಗೆ ಮಾತ್ರ ಹೇಳ್ಬೇಡ ಮಾರಾಯ."

ಕೊನೆಯ ಗುಡಾರ ಮಡಚುವಾಗ ತಮ್ಮ ಬಂದರು, ಫ್ಲಾಸ್ಕು ಹುಡುಕಿಕೊಂಡು. "ಕೆಮ್ಮು ಹೆಂಗಿದೆ?" ಅಂತ ಕೇಳಿದೆ.

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಯಾವ ಕೆಮ್ಮು? ಅಣ್ಣನ ಹೆಜ್ಜೆ ಸಪ್ಪಳ ಕೇಳ್ತಲ್ಲ, ಅದಕ್ಕೇ ಕೆಮ್ಮಿದೆ. ಅವನಿಗೆ ಹೇಳ್ಬೇಡ."

ಒಂದು ಮೈದಾನ, ಮೂರು ಗುಟ್ಟು, ಮೂರನ್ನೂ ಹೊರಬೇಕಾದವನು ಒಂದು ಸೀಮೆಸುಣ್ಣವನ್ನೇ ಮುಟ್ಟಿಸದ ನಾನು. ಸಂಜೆಯ ತನಕ ಬಾಯಿ ಮುಚ್ಚಿಕೊಂಡಿರೋದು ನನ್ನಿಂದಾಗದು ಅಂತ ನನಗೇ ಗೊತ್ತಿತ್ತು. ಒಲೆಗೆ ಎರಡು ಕೊಡ ನೀರು ಸುರಿದೆ. ಮೋಡ ಎದ್ದಿತು. ಗೂಟದ ಚೀಲ ಲಾರಿಗೆಸೆದು ಹೇಳದೆ ಕೇಳದೆ ಹತ್ತಿದೆ.